ಇಟಲಿಯ ಕಡಲ ದಾರಿಯಲ್ಲಿ ನಾವಿಬ್ಬರು

(ವಾಚನಾಲಯದ ತಿಂಗಳ ಸಭೆಯಲ್ಲಿ ನಮ್ಮ ಸ್ವಯಂಸೇವಕರೊಬ್ಬರು ಮಾಡಿದ ಭಾಷಣ)



ಭಾಷಣ ಮಾಡುವುದು ನಮ್ಮ ಉದ್ಯೋಗವಲ್ಲ. ಹಗಲು ಗಿರಣಿಯಲ್ಲಿ ಹತ್ತಿಯ, ನೂಲಿನ, ಚಿಂದಿಯ ತೂಕ ಬರೆಯುವುದು. ಸಂಜೆ ಇಲ್ಲಿಗೆ ಬಂದು ಪತ್ರಿಕೆಗಳನ್ನು ಮೇಜಿನ ಮೇಲೆ ಹರಡುವುದು, ರಾತ್ರಿ ಮತ್ತೆ ಕಟ್ಟಿಡುವುದು. ಇಷ್ಟೇ ನಾವು ಬಲ್ಲ ಕೆಲಸ. ಮೆಟ್ರಿಕ್ ಮುಗಿದ ಮೇಲೆ ನಾವು ಓದಿದುದೆಲ್ಲ ಈ ಕೋಣೆಯ ಕಪಾಟುಗಳಲ್ಲಿರುವುದೇ. "ಇಟಲಿಗೆ ಹೋಗಿ ಬಂದಿದ್ದೀರಿ, ಕಂಡದ್ದನ್ನು ಹೇಳಿ" ಎಂದು ಕಾರ್ಯದರ್ಶಿಗಳು ಅಂದಾಗ ಮೊದಲು ಹಿಂಜರಿದೆವು. ಆದರೆ ಈ ಸಭೆಗೇ ಹೇಳಬೇಕಾದ ಮಾತೊಂದು ನಮ್ಮ ಬಳಿ ಉಳಿದುಕೊಂಡಿದೆ. ಆದ್ದರಿಂದ ಒಪ್ಪಿಕೊಂಡೆವು.

2024ರ ದೀಪಾವಳಿಗೆ ಮುನ್ನ ಇದೇ ಜಾಗದಲ್ಲಿ ನಿಂತು, "ಇಟಲಿಯ ಕಡಲ ತೀರದುದ್ದಕ್ಕೂ ನಾವೇ ಗಾಡಿ ನಡೆಸಿಕೊಂಡು ಹೋಗಿ ಬರುತ್ತೇವೆ" ಎಂದು ನಾವು ಸಾರಿದ್ದೆವು. ನೀವು ಚಪ್ಪಾಳೆ ತಟ್ಟಿದಿರಿ, ಹಾರ ಹಾಕಿದಿರಿ. ಆ ಹಾರದ ಲೆಕ್ಕವನ್ನು ಕೊನೆಯಲ್ಲಿ ಒಪ್ಪಿಸುತ್ತೇವೆ.

ಗಿರಣಿಯ ಗುಮಾಸ್ತನಿಗೆ ಇಟಲಿ ಎಲ್ಲಿಂದ ಬಂತು ಎಂದು ಕೇಳುವವರಿಗೆ ಮೊದಲು ಉತ್ತರ ಕೊಡಬೇಕು. ನಮ್ಮ ಮನೆಯವರ ಅಣ್ಣ ನೇಪಲ್ಸ್ ಪಟ್ಟಣದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. ನಮ್ಮ ಮದುವೆಗೆ ಹತ್ತು ವರ್ಷ ತುಂಬಿತೆಂದು ತಂಗಿಗೆ ಉಡುಗೊರೆಯಾಗಿ ಎರಡು ವಿಮಾನದ ಟಿಕೇಟು ಕಳಿಸಿದರು. ಉಡುಗೊರೆ ಅವರ ತಂಗಿಯದು. ಜೊತೆಗೆ ಹೋದವರು ನಾವು. ಗಿರಣಿಗೆ ಹಬ್ಬದ ರಜೆ ಇತ್ತು. ಮಗಳನ್ನು ಅಜ್ಜಿಯ ಬಳಿ ಬಿಟ್ಟು, ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ನವೆಂಬರ್ ಮೊದಲ ವಾರದಲ್ಲಿ ಹೊರಟೆವು.

ಹೊರಡುವ ಮುನ್ನ ಇಬ್ಬರಿಗೂ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಬೇಕೆಂದು ಭಾವನವರು ಬರೆದಿದ್ದರು. ನಮ್ಮ ಲೈಸೆನ್ಸು ತೋರಿಸಿದರೆ ಆರ್.ಟಿ.ಒ. ಕಚೇರಿಯಲ್ಲಿ ಅದು ಸಿಗುತ್ತದೆ, ಗರಿಷ್ಠ ಒಂದು ವರ್ಷ ನಡೆಯುತ್ತದೆ. "ಗಾಡಿ ಒಂದು, ಚಕ್ರ ಒಂದು, ಪರವಾನಗಿ ಎರಡೇಕೆ?" ಎಂದು ನಾವು ಗೊಣಗಿದೆವು. ಮನೆಯವರು ಮಾತಾಡದೆ ತಮ್ಮದನ್ನು ತಾವೇ ಹೋಗಿ ಮಾಡಿಸಿಕೊಂಡು ಬಂದರು.

ನೇಪಲ್ಸಿನಲ್ಲಿ ಮೊದಲ ದಿನ ಭಾವನವರು ನಮ್ಮನ್ನು ಅಲ್ಲಿಯ ಪುರಾತತ್ವ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದರು. ಅಲ್ಲಿ ಗೇಣುದ್ದದ ದಂತದ ಒಂದು ಹೆಣ್ಣು ಮೂರ್ತಿಯಿದೆ. 1938ರಲ್ಲಿ ಪೊಂಪೇಯಿಯ ಅವಶೇಷಗಳನ್ನು ಅಗೆಯುವಾಗ ಸಿಕ್ಕಿದ್ದು. ಪೊಂಪೇಯಿ ಎಂದರೆ ಕ್ರಿ.ಶ. 79ರಲ್ಲಿ ವೆಸೂವಿಯಸ್ ಬೆಂಕಿಬೆಟ್ಟದ ಬೂದಿಯಲ್ಲಿ ಹೂತುಹೋದ ಊರು. ಮೂರ್ತಿ ಮಾತ್ರ ನಮ್ಮ ದೇಶದ್ದು. ಕೊರಳ ತುಂಬ ಹಾರ, ಕೈ ತುಂಬ ಬಳೆ, ಅಕ್ಕಪಕ್ಕ ಇಬ್ಬರು ಸಖಿಯರು. ಮೊದಲು ಲಕ್ಷ್ಮಿ ಎಂದರು, ಈಗ ಹಲವು ವಿದ್ವಾಂಸರು ಯಕ್ಷಿ ಎನ್ನುತ್ತಾರೆ. ಇದನ್ನು ಹೋಲುವ ದಂತದ ಮೂರ್ತಿ ಸಿಕ್ಕಿರುವುದು ನಮ್ಮ ಸೊಲ್ಲಾಪುರದ ನೆರೆಯ ಜಿಲ್ಲೆಯ ತೇರ್ ಎಂಬ ಊರಿನಲ್ಲಿ! ಹಿಂದೆ ತಗರ ಎಂದು ಹೆಸರಾಗಿದ್ದ ವ್ಯಾಪಾರದ ಪೇಟೆ ಅದು. ಎರಡು ಸಾವಿರ ವರ್ಷಗಳ ಹಿಂದೆ ಈ ನಾಡುಗಳ ನಡುವೆ ಸರಕು ಓಡಾಡಿದೆ. ಹೆಮ್ಮೆಯಿಂದ ಸಾಗಿದೆವೆಂದು ಬೀಗಿದ್ದ ನಮ್ಮ ದಾರಿ ಅಂಥ ಹೊಸ ದಾರಿಯೇನೂ ಆಗಿರಲಿಲ್ಲ.

ಮರುದಿನ ಬಾಡಿಗೆ ಗಾಡಿಯ ಕಚೇರಿ. ಕಾಗದದಲ್ಲಿ ಯಾರ ಹೆಸರಿದೆಯೋ ಅವರು ಮಾತ್ರ ಗಾಡಿ ನಡೆಸಬೇಕು; ಬೇರೆಯವರು ನಡೆಸಿ ಅಪಘಾತವಾದರೆ ವಿಮೆ ನಡೆಯದು. ಎರಡನೆಯ ಹೆಸರು ಬರೆಸಬೇಕಾದರೆ ದಿನಕ್ಕೆ ಇಷ್ಟೆಂದು ಹೆಚ್ಚಿನ ಹಣ. ನಾವು ಮನಸ್ಸಿನಲ್ಲೇ ಯೂರೊವನ್ನು ರೂಪಾಯಿಗೆ ತಿರುಗಿಸಿ ನೋಡಿ ಬೇಡವೆಂದೆವು. ಭಾವನವರು ನಕ್ಕು, ತಂಗಿಯ ಹೆಸರನ್ನೂ ಬರೆಸಿ, ತಾವೇ ಹಣ ಕಟ್ಟಿದರು.

ಮೊದಲು ಚಕ್ರ ಹಿಡಿದವರು ನಾವು, ಅಂದರೆ ಗುಮಾಸ್ತರು. ಅಲ್ಲಿ ಗಾಡಿಗಳೆಲ್ಲ ರಸ್ತೆಯ ಬಲಕ್ಕೆ. ಚಕ್ರ ಗಾಡಿಯ ಎಡಕ್ಕೆ. ಗೇರು ಬಲಗೈಗೆ. ತಿರುವಿನ ದೀಪ ಹಾಕೋಣವೆಂದು ಕಡ್ಡಿ ಮುಟ್ಟಿದರೆ ಗಾಜು ಒರೆಸುವ ಕೈಗಳು ಒಣ ಗಾಜಿನ ಮೇಲೆ ಕಿರ್ರೆನ್ನುತ್ತ ಓಡಾಡಿದವು. ಸುಂಕದ ಹೆದ್ದಾರಿಯಲ್ಲಿ ಹೇಗೋ ಸಾಗಿತು. ಎಡಕ್ಕೆ ವೆಸೂವಿಯಸ್, ಬಲಕ್ಕೆ ದೂರದಲ್ಲಿ ಕಡಲು, ಅದೇ ದಾರಿಯಲ್ಲಿ ಪೊಂಪೇಯಿ. ಕಾಸ್ತೆಲ್ಲಮ್ಮಾರೆಯ ಬಳಿ ಹೆದ್ದಾರಿ ಬಿಟ್ಟು ಸೊರೆಂಟೊ ಕಡೆಗೆ ತಿರುಗಿದಾಗ ದಾರಿ ಕಿರಿದಾಯಿತು. ಎಡಗಡೆ ಕುಳಿತು ನಡೆಸುವ ಅಭ್ಯಾಸವಿಲ್ಲದವನಿಗೆ ಗಾಡಿಯ ಬಲಮೈ ಎಲ್ಲಿ ಮುಗಿಯುತ್ತದೆಂದು ತಿಳಿಯುವುದಿಲ್ಲ. ಒಂದು ಓಣಿಯಲ್ಲಿ ಬಲಗಡೆಯ ಕನ್ನಡಿ ಕಲ್ಲಿನ ಗೋಡೆಗೆ ಸವರಿತು. ಮುಂದೆ ಒಂದು ವೃತ್ತದಲ್ಲಿ ಎಲ್ಲರೂ ಒಂದು ಕಡೆಯಿಂದ ಸುತ್ತುತ್ತಿದ್ದರೆ ನಾವು ಇನ್ನೊಂದು ಕಡೆಯಿಂದ ಹೊರಟೆವು. ನಾಲ್ಕು ದಿಕ್ಕಿನಿಂದಲೂ ಹಾರ್ನು. ಬದಿಗೆ ನಿಲ್ಲಿಸಿದಾಗ ನಮ್ಮ ಅಂಗಿ ಬೆವರಿನಿಂದ ತೊಯ್ದಿತ್ತು.

ಮನೆಯವರು ಬೈಯಲಿಲ್ಲ. "ಇಳೀರಿ. ಇನ್ನ ನಾ ಹೊಡೀತೀನಿ" ಎಂದರು. ಅಷ್ಟೇ.

ನಾವು ಇಳಿದೆವು. ಗಾಡಿಯ ಮುಂಭಾಗ ಸುತ್ತಿ ಬರುವ ಆ ಆರು ಹೆಜ್ಜೆ ಬಹಳ ದೂರವೆನಿಸಿತು.

ಅಮಾಲ್ಫಿ ಕರಾವಳಿಯ ಪ್ರಸಿದ್ಧ ದಾರಿ ಅಲ್ಲಿಂದಾಚೆಗೆ ಶುರುವಾಗುತ್ತದೆ. ರಾಷ್ಟ್ರೀಯ ರಸ್ತೆ ಸಂಖ್ಯೆ 163. ಮೇತಾ ಊರಿನಿಂದ ವಿಯೆತ್ರಿಯವರೆಗೆ ಸುಮಾರು 50 ಕಿಲೋಮೀಟರು. ಇಲ್ಲಿಂದ ಅಕ್ಕಲಕೋಟೆಗೆ ಹೋಗುವುದಕ್ಕಿಂತ ತುಸು ಹೆಚ್ಚು ಅಷ್ಟೆ. ಆದರೆ ಅಕ್ಕಲಕೋಟೆಯ ದಾರಿಯಂತೆ ಅದು ಬಯಲಿನಲ್ಲಿ ಹಾಯ್ದು ಹೋಗುವುದಿಲ್ಲ. ಒಂದು ಬದಿಗೆ ನೆಟ್ಟಗೆ ಎದ್ದ ಸುಣ್ಣಕಲ್ಲಿನ ಬೆಟ್ಟ, ಇನ್ನೊಂದು ಬದಿಗೆ ಮೊಣಕಾಲೆತ್ತರದ ಗೋಡೆ, ಅದರ ಕೆಳಗೆ ಕಡಲು. ಪಶ್ಚಿಮದಿಂದ ಪೂರ್ವಕ್ಕೆ ಹೋಗುವವರಿಗೆ ಕಡಲು ಬಲಕ್ಕೆ. ಗಾಡಿಯೂ ಬಲಕ್ಕೇ ಹೋಗಬೇಕಾದ್ದರಿಂದ ಪಾತಾಳದ ಅಂಚು ನಮ್ಮ ಪಾಲು. ಚಾಲಕರು ಕೂಡುವುದು ಎಡಕ್ಕೆ. ಪಾತಾಳವನ್ನು ನೋಡುತ್ತ ಹೋಗುವ ಭಾಗ್ಯ ಪಕ್ಕದವರದು. ಅಂಜುಬುರುಕರು ವಿಯೆತ್ರಿ ಕಡೆಯಿಂದ ಹೊರಟು ಬೆಟ್ಟದ ಮಗ್ಗುಲಲ್ಲಿ ಬರುವುದು ಲೇಸು.

19ನೆಯ ಶತಮಾನದಲ್ಲಿ ಬೂರ್ಬೊನ್ ಅರಸರ ಕಾಲದಲ್ಲಿ ಈ ದಾರಿಯನ್ನು ಕಡಿಸಿದರು. 1850ರ ದಶಕದಲ್ಲಿ ಅದು ಪೂರ್ಣವಾಯಿತು. ಅದಕ್ಕೂ ಮುನ್ನ ಒಂದು ಊರಿನಿಂದ ಇನ್ನೊಂದು ಊರಿಗೆ ದೋಣಿಯಲ್ಲಿ ಹೋಗಬೇಕು, ಇಲ್ಲವೆ ಕಲ್ಲಿನ ಮೆಟ್ಟಿಲು, ಕತ್ತೆದಾರಿ ಹತ್ತಿ ಇಳಿಯಬೇಕು. ದಾರಿ ಮಾಡಿದಾಗ ಅದರ ಮೇಲೆ ಹೋಗುತ್ತಿದ್ದುದು ಕುದುರೆ ಗಾಡಿ. ಇಂದು ಪ್ರವಾಸಿ ಬಸ್ಸು ಹೋಗುತ್ತದೆ. ದಾರಿ ಮಾತ್ರ ಅಗಲವಾಗಲಿಲ್ಲ. ಆಗುವುದಕ್ಕೆ ಜಾಗವೂ ಇಲ್ಲ. 1997ರಲ್ಲಿ ಯುನೆಸ್ಕೊ ಈ ಕರಾವಳಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಜನ ಎಷ್ಟು ಬಂದರೆಂದರೆ, 2022ರಲ್ಲಿ ಅಲ್ಲಿಯ ಅಧಿಕಾರಿಗಳು ನೆರೆಯುವ ದಿನಗಳಿಗಾಗಿ ಒಂದು ನಿಯಮ ತಂದರು: ಗಾಡಿಯ ಸಂಖ್ಯೆಯ ಕೊನೆಯ ಅಂಕೆ ಸಮವೋ ಬೆಸವೋ ನೋಡಿ, ಒಂದು ದಿನ ಅವರಿಗೆ, ಒಂದು ದಿನ ಇವರಿಗೆ. ಊರಿನವರಿಗೆ ವಿನಾಯಿತಿ. ನಾವು ಹೋದದ್ದು ನವೆಂಬರಿನಲ್ಲಾದ್ದರಿಂದ ಆ ತೊಡಕು ಬರಲಿಲ್ಲ.

ನಮ್ಮ ಜೇಬಿನಲ್ಲಿ ಒಂದು ಪಟ್ಟಿ ಇತ್ತು. ಗಿರಣಿಯ ಪಾಳಿ ಪಟ್ಟಿಯಂತೆಯೇ ಗೆರೆ ಎಳೆದು ಬರೆದದ್ದು. ಪೊಸಿಟಾನೊ 20 ನಿಮಿಷ, ಅಮಾಲ್ಫಿ 40 ನಿಮಿಷ, ಸಂಜೆ ನೇಪಲ್ಸಿಗೆ ವಾಪಸು. ಪೊಸಿಟಾನೊ ಎಂದರೆ ಬೆಟ್ಟದ ಮೈಗೆ ಗೂಡುಗಳಂತೆ ಅಂಟಿದ ಬಣ್ಣ ಬಣ್ಣದ ಮನೆಗಳ ಊರು. ಒಳಗೆಲ್ಲ ಮೆಟ್ಟಿಲುಗಳೇ. ಗಾಡಿ ನಿಲ್ಲಿಸಬೇಕಾದರೆ ರಸ್ತೆಯ ಗೆರೆ ನೋಡಬೇಕು: ಬಿಳಿ ಗೆರೆಯಾದರೆ ಪುಕ್ಕಟೆ, ನೀಲಿಯಾದರೆ ಹಣ, ಹಳದಿಯಾದರೆ ಕಾದಿಟ್ಟ ಜಾಗ. ಬಿಳಿ ಗೆರೆ ನಮಗೆ ಎಲ್ಲಿಯೂ ಸಿಗಲಿಲ್ಲ. ಒಂದು ಗಂಟೆ ಗಾಡಿ ನಿಲ್ಲಿಸುವ ಹಣದಲ್ಲಿ ಇಲ್ಲಿ ಇಬ್ಬರು ಹೊಟ್ಟೆ ತುಂಬ ಉಣ್ಣಬಹುದು. ನಿಲ್ಲದೆ ಮುಂದೆ ಹೋಗಿ, ರಸ್ತೆ ತುಸು ಅಗಲವಾದ ಕಡೆ ನಿಂತು ಊರನ್ನು ಹಿಂತಿರುಗಿ ನೋಡಿದೆವು.

ಪ್ರಾಯಾನೊ ದಾಟಿದ ಮೇಲಿನ ಒಂದು ತಿರುವಿನಲ್ಲಿ ಹಾರ್ನು ಕೇಳಿಸಿತು. ಆ ದಾರಿಯಲ್ಲಿ ಬಸ್ಸುಗಳು ತಿರುವಿಗೆ ಮೊದಲೇ ಉದ್ದಕ್ಕೆ ಹಾರ್ನು ಬಾರಿಸುತ್ತವೆ; ಕೇಳಿದವರು ಅಲ್ಲಿಯೇ ನಿಲ್ಲಬೇಕು. ನಾವು ನಿಲ್ಲುವಷ್ಟರಲ್ಲಿ ಬಸ್ಸಿನ ಮೂತಿ ನಮ್ಮ ಗಾಜಿನ ಮುಂದೆ ಬಂದಿತ್ತು. ಎರಡೂ ಒಟ್ಟಿಗೆ ಹೋಗುವಂತಿಲ್ಲ. ಹಿಂದೆ ಸರಿಯಬೇಕಾಗಿ ಬಂದಾಗ ದೊಡ್ಡ ಗಾಡಿಗೆ ಸಣ್ಣ ಗಾಡಿ ದಾರಿ ಬಿಡುವುದು ಅಲ್ಲಿಯ ನಿಯಮ. ನಮ್ಮ ಹಿಂದೆ ಇನ್ನೂ ಮೂರು ಗಾಡಿ. ಬಲಕ್ಕೆ ಮೊಣಕಾಲೆತ್ತರದ ಗೋಡೆ. ನಾವು ಕಣ್ಣು ಮುಚ್ಚಿಕೊಂಡು ಕುಳಿತೆವು.

ಮನೆಯವರು ನಮ್ಮ ಕಡೆ ತಿರುಗಿ, "ಕಣ್ಣು ಮುಚ್ಚಿದ್ರ ಹ್ಯಾಂಗ್ರೀ? ಇಳದು ಹಿಂದ ನೋಡ್ರಿ" ಎಂದರು. ಇಳಿದೆವು. ಹಿಂದಿನ ಗಾಡಿಗಳಿಗೆ ಕೈ ಬೀಸಿ ಸರಿಸಿದೆವು. ಆಮೇಲೆ ಟೆಂಪೊದ ಕ್ಲೀನರ್ ಹುಡುಗನ ಹಾಗೆ "ಬರ್ಲಿ, ಬರ್ಲಿ, ಸ್ವಲ್ಪ ಎಡಕ್ಕ, ಬರ್ಲಿ" ಎಂದು ಇಟಲಿಯ ಬೆಟ್ಟಕ್ಕೆ ಕೇಳುವಂತೆ ಕನ್ನಡದಲ್ಲಿ ಕೂಗಿದೆವು. ಮನೆಯವರ ತಂದೆ ಎಸ್.ಟಿ. ಬಸ್ಸಿನ ಚಾಲಕರಾಗಿದ್ದವರು, ಕೊಂಕಣಕ್ಕೆ ಇಳಿಯುವ ಘಾಟುಗಳಲ್ಲಿ ವರ್ಷಾನುಗಟ್ಟಲೆ ಬಸ್ಸು ನಡೆಸಿದವರು. ಮುಂದೆ ಹೋಗುವುದನ್ನು ಎಲ್ಲರೂ ಕಲಿಯುತ್ತಾರೆ, ಹಿಂದೆ ಸರಿಯುವುದನ್ನು ಕಲಿ ಎಂದು ಮಗಳಿಗೆ ಕಲಿಸಿದ್ದರು. ಗಾಡಿ ಒಂದೇ ಉಸಿರಿನಲ್ಲಿ ಹಿಂದಕ್ಕೆ ಬಂದು, ಬೆಟ್ಟದ ಬುಡದ ಒಂದು ಬಗಲಿನಲ್ಲಿ ನಿಂತಿತು. ಬಸ್ಸು ಅಂಗೈಯಗಲದ ಅಂತರದಲ್ಲಿ ದಾಟಿತು. ದಾಟುವಾಗ ಬಸ್ಸಿನ ಚಾಲಕ ಕಿಟಕಿಯಿಂದ ಕೈ ಎತ್ತಿದನು. ಆ ಕೈ ಎತ್ತಿದ್ದು ನಮಗಲ್ಲ, ಮನೆಯವರಿಗೆ.

ಆಮೇಲೆ ಫುರೋರೆ ಎಂಬಲ್ಲಿ ಬೆಟ್ಟ ಸೀಳಿದ ಕಣಿವೆಯ ಮೇಲೆ ಸುಮಾರು 30 ಮೀಟರು ಎತ್ತರದ ಕಮಾನು ಸೇತುವೆ ಬಂತು. ಕೆಳಗೆ ಒಂದು ಹಿಡಿಯಷ್ಟು ಮರಳು, ಒಂದೆರಡು ಮೀನುಗಾರರ ಮನೆ. ಪಟ್ಟಿಯ ಪ್ರಕಾರ ನಮಗೆ ಒಂದೂವರೆ ಗಂಟೆ ತಡವಾಗಿತ್ತು. ಪಟ್ಟಿ ತೆಗೆದು ತೋರಿಸಿದೆವು. ಮನೆಯವರು ಅದನ್ನು ಓದಿ, ಮಡಿಚಿ, ರೊಟ್ಟಿಯ ಡಬ್ಬಿಯ ಕೆಳಗಿಟ್ಟರು. "ಇದು ಗಿರಣಿ ಅಲ್ಲರೀ" ಎಂದರು. ನಮಗೆ ಸಿಟ್ಟು ಬಂತು. ಅಮಾಲ್ಫಿಯವರೆಗೆ ಇಬ್ಬರೂ ಮಾತಾಡಲಿಲ್ಲ. ಇದನ್ನು ಮುಚ್ಚಿಡುವುದಿಲ್ಲ.

ಅಮಾಲ್ಫಿ ಇಂದು ಸಣ್ಣ ಊರು. ಒಂದು ಸಾವಿರ ವರ್ಷದ ಹಿಂದೆ ಅದು ಹಡಗುಗಳ ಗಣರಾಜ್ಯ. ಕಾನ್‌ಸ್ಟಾಂಟಿನೋಪಲ್‌ನೊಡನೆ ಅದರ ವ್ಯಾಪಾರ. ಅಲ್ಲಿಯ ದೊಡ್ಡ ಇಗರ್ಜಿಯ ಕಂಚಿನ ಬಾಗಿಲುಗಳು 11ನೆಯ ಶತಮಾನದಲ್ಲಿ ಆ ನಗರದಲ್ಲಿ ಎರಕಗೊಂಡು ಬಂದವು. ಕಡಲ ವ್ಯಾಪಾರಕ್ಕೆ ಅಮಾಲ್ಫಿಯ ಹೆಸರಿನಲ್ಲಿಯೇ ಒಂದು ಕಟ್ಟಳೆಯ ಗ್ರಂಥವಿತ್ತು. 1343ರ ನವೆಂಬರಿನಲ್ಲಿ ಎದ್ದ ಬಿರುಗಾಳಿಯೂ ಕಡಲೂ ಸೇರಿ ಕೆಳಗಿನ ಊರಿನ ಬಹುಭಾಗವನ್ನು ನುಂಗಿದವು. ಮೆಟ್ಟಿಲುಗಳ ಮೇಲೆ ಕುಳಿತು ರೊಟ್ಟಿ ತಿಂದೆವು. ಇನ್ನೂ ಮಾತಿಲ್ಲ.

ಆಗ ಮನೆಯವರು ಒಂದು ಫಲಕ ತೋರಿಸಿದರು: ಗಿರಣಿಗಳ ಕಣಿವೆ. "ನಿಮ್ಮ ಗಿರಣಿ ಇಲ್ಲೂ ಅದ" ಎಂದು ನಕ್ಕರು. ಊರಿನ ಹಿಂದೆ ಬೆಟ್ಟದಿಂದ ಇಳಿಯುವ ತೊರೆಯ ಉದ್ದಕ್ಕೂ ಹಿಂದೆ ಕಾಗದದ ಗಿರಣಿಗಳಿದ್ದವು. 1954ರ ಅಕ್ಟೋಬರಿನಲ್ಲಿ ಆ ಸೀಮೆಯಲ್ಲಿ ಭಾರಿ ಪ್ರವಾಹ ಬಂದು 300ಕ್ಕೂ ಹೆಚ್ಚು ಜನ ಸತ್ತರು. ಹಲವು ಗಿರಣಿಗಳೂ ಅದರೊಡನೆ ಹೋದವು. ಉಳಿದ ಒಂದು ಹಳೆಯ ಗಿರಣಿಯ ಒಡೆಯ ನಿಕೋಲಾ ಮಿಲಾನೊ ಎಂಬವರು 1969ರಲ್ಲಿ ಅದನ್ನು ಕಾಗದದ ವಸ್ತುಸಂಗ್ರಹಾಲಯವಾಗಿ ಮಾಡಿದರು. ನಲವತ್ತು ನಿಮಿಷದ ನಮ್ಮ ಅಮಾಲ್ಫಿಯಲ್ಲಿ ಎರಡು ಗಂಟೆ ಅಲ್ಲಿಯೇ ಕಳೆಯಿತು.

ಬಂಧುಗಳೇ, ಆ ಕಾಗದ ಮರದಿಂದ ಆದದ್ದಲ್ಲ, ಚಿಂದಿಯಿಂದ! ಹತ್ತಿಯ, ನಾರುಬಟ್ಟೆಯ ಹಳೆ ಚಿಂದಿಯನ್ನು ಕಲ್ಲಿನ ತೊಟ್ಟಿಗಳಲ್ಲಿ ಹಾಕುತ್ತಿದ್ದರು. ತೊರೆಯ ನೀರು ಚಕ್ರ ತಿರುಗಿಸುವುದು. ಚಕ್ರ ಮರದ ಸುತ್ತಿಗೆಗಳನ್ನು ಎತ್ತಿ ಬಿಡುವುದು. ಸುತ್ತಿಗೆಯ ಮೂತಿಗೆ ಕಬ್ಬಿಣದ ಮೊಳೆ. ಅವು ಚಿಂದಿಯನ್ನು ಕುಟ್ಟಿ ಕುಟ್ಟಿ ಗಂಜಿ ಮಾಡುವುವು. ಆ ಗಂಜಿಯಲ್ಲಿ ತಂತಿಯ ಜರಡಿ ಅದ್ದಿ ಎತ್ತಿದರೆ ಒಂದು ಹಾಳೆ. ಉಣ್ಣೆಯ ಬಟ್ಟೆಯ ನಡುವೆ ಒತ್ತಿ, ಒಣಗಿಸಿ, ಶಾಯಿ ಹರಡದಂತೆ ಸರಸು ಹಚ್ಚುತ್ತಿದ್ದರು. ಅರಸರಿಗೆ ಮೊದಲು ಇದರ ಮೇಲೆ ನಂಬಿಕೆಯಿರಲಿಲ್ಲ. 1231ರಲ್ಲಿ ಚಕ್ರವರ್ತಿ ಎರಡನೆಯ ಫ್ರೆಡೆರಿಕನು ಸರ್ಕಾರಿ ಪತ್ರಗಳನ್ನು ಚರ್ಮದ ಹಾಳೆಯ ಮೇಲೆಯೇ ಬರೆಯಬೇಕೆಂದು ಕಟ್ಟಳೆ ಮಾಡಿದನು. ಕಾಗದ ಬಾಳುವುದಿಲ್ಲವೆಂದು ಅವನ ಅಂಜಿಕೆ. ಕಾಗದ ಉಳಿಯಿತು.

ದಿನವೂ ಚಿಂದಿಯ ತೂಕವನ್ನು ನಷ್ಟದ ಕಲಮಿನಲ್ಲಿ ಬರೆಯುವ ನಮಗೆ ಅದನ್ನು ನೋಡಿ ಏನನಿಸಿತೆಂದು ಹೇಳುವುದು ಕಷ್ಟ. ಅಲ್ಲಿ ಬಂದವರಿಗೂ ಒಂದು ಹಾಳೆ ಎತ್ತಲು ಕೊಡುತ್ತಾರೆ. ನಮ್ಮದು ಹರಿಯಿತು. ಮನೆಯವರದು ನಿಂತಿತು.

ಆ ರಾತ್ರಿ ನೇಪಲ್ಸಿಗೆ ಹೋಗಲಿಲ್ಲ. ಸಂಜೆ ಐದಕ್ಕೆಲ್ಲ ಕತ್ತಲಾಗುವ ಕಾಲ. ಮಿನೋರಿ ಊರಿನಲ್ಲಿ ಒಂದು ಕೋಣೆ ಹಿಡಿದೆವು. ಬೆಳಗ್ಗೆ ಅಲ್ಲಿಂದ ಮಾಯೋರಿಯತ್ತ ನಿಂಬೆ ತೋಟಗಳ ನಡುವಿನ ಕಾಲುದಾರಿಯಲ್ಲಿ ನಡೆದೆವು. ಬೆಟ್ಟವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಕೂಡಿಸಿ ಗೋಡೆ ಕಟ್ಟಿ, ಮಣ್ಣು ತುಂಬಿ ಮಾಡಿದ ತೋಟಗಳು. ಗಾರೆಯಿಲ್ಲದ ಈ ಗೋಡೆಯ ಕಲೆಯನ್ನು ಯುನೆಸ್ಕೊ 2018ರಲ್ಲಿ ಇಟಲಿಯೂ ಸೇರಿದಂತೆ ಎಂಟು ದೇಶಗಳ ಪರಂಪರೆಯೆಂದು ಮನ್ನಿಸಿದೆ. ಚೆಸ್ಟ್‌ನಟ್ ಮರದ ಗಳಗಳ ಚಪ್ಪರ, ಚಳಿಗೆ ಮೇಲೆ ಬಲೆ, ಕೆಳಗೆ ಉದ್ದ ಮೂತಿಯ ದೊಡ್ಡ ನಿಂಬೆ. ರಸ್ತೆಯಿಂದ ನೋಡುವವರಿಗೆ ಇದು ಬರಿಯ ಹಸುರು ಗೆರೆ. ಈ ಬೆಟ್ಟದಿಂದ ಕಡಲ ದಡಕ್ಕೆ ನಿಂಬೆಯ ಭಾರವಾದ ಬುಟ್ಟಿಗಳನ್ನು ಹೊತ್ತು ತರುತ್ತಿದ್ದವರು ಹೆಂಗಸರು. ಅವರನ್ನು "ಫೋರ್ಮಿಕೆಲ್ಲೆ" ಎಂದು ಕರೆಯುತ್ತಿದ್ದರು, ಎಂದರೆ ಸಣ್ಣ ಇರುವೆಗಳು. ಮೆಟ್ಟಿಲಿನ ಮೇಲೆ ಸಾಲಾಗಿ ಇಳಿಯುವಾಗ ಹಾಗೆ ಕಾಣುತ್ತಿದ್ದರಂತೆ. ನಿಂಬೆಗೆ ಅಮಾಲ್ಫಿಯ ಹೆಸರು ಬಂತು. ಹೊತ್ತವರಿಗೆ ಇರುವೆಗಳ ಹೆಸರು.

ಮನೆಯವರು ಆ ಮೆಟ್ಟಿಲ ಮೇಲೆ ಬಹಳ ಹೊತ್ತು ಕುಳಿತರು. ನಾವು ಪಟ್ಟಿ ಕೇಳಲಿಲ್ಲ.

ಮಧ್ಯಾಹ್ನ ಮೀನಿನ ಊರು ಚೆತಾರಾ, ಮಣ್ಣಿನ ಚಿತ್ತಾರದ ಪಾತ್ರೆಗಳ ವಿಯೆತ್ರಿ ಇವನ್ನು ದಾಟಿ ಹೆದ್ದಾರಿ ಸೇರಿ, ರಾತ್ರಿಯೊಳಗೆ ನೇಪಲ್ಸಿಗೆ ಬಂದೆವು. ಮೇತಾದಿಂದ ನೇಪಲ್ಸಿನವರೆಗೆ ಒಂದು ಗಜವೂ ನಾವು, ಅಂದರೆ ಗುಮಾಸ್ತರು, ಗಾಡಿ ನಡೆಸಲಿಲ್ಲ. ಕನ್ನಡಿ ಸವರಿದ್ದಕ್ಕೆ ದಂಡ ಕಟ್ಟಿದ್ದು ಮಾತ್ರ ನಾವೇ.

ಈಗ ಹಾರದ ಲೆಕ್ಕ. ಭಾಷಣದಲ್ಲಿ, ವರದಿಯಲ್ಲಿ "ನಾವು" ಎಂದು ಹೇಳುವುದು ನಮ್ಮ ವಾಚನಾಲಯದ ಹಳೆಯ ರೂಢಿ. ಒಳ್ಳೆಯ ರೂಢಿ, "ನಾನು" ಎಂಬುದರ ಸೊಕ್ಕು ಅದರಲ್ಲಿಲ್ಲ. ಆದರೆ ಊರಿಗೆ ಬಂದ ಮೇಲೆ ಸಿಕ್ಕವರಿಗೆಲ್ಲ "ನಾವು ಗಾಡಿ ನಡೆಸಿಕೊಂಡು ಬಂದೆವು" ಎಂದೆವು, ಕೇಳಿದವರು ನಮ್ಮ ಬೆನ್ನು ತಟ್ಟಿದರು. ನಾವು ತಿದ್ದಲಿಲ್ಲ. ಮಾತು ಸುಳ್ಳಲ್ಲ, ಆದರೆ ಅದರ ಮರೆಯಲ್ಲಿ ಒಬ್ಬರು ಕಾಣದೆ ಹೋದರು. ಮನೆಯವರು ಪಕ್ಕದಲ್ಲಿಯೇ ಇದ್ದು ಒಂದು ಸಲವೂ ಏನೂ ಅನ್ನಲಿಲ್ಲ.

ಇದು ಮನೆಯ ಮಾತಾಗಿದ್ದರೆ ಮನೆಯಲ್ಲಿಯೇ ಮುಗಿಯುತ್ತಿತ್ತು. ಆದರೆ ಇನ್ನೊಂದಿದೆ. 2024ರ ಜೂನ್ ತಿಂಗಳ ಸಭೆಯಲ್ಲಿ, ಮಗ್ಗದ ಓಣಿಗಳಿಗೆ ವಾರಕ್ಕೊಮ್ಮೆ ಟೆಂಪೊದಲ್ಲಿ ಪುಸ್ತಕ ಒಯ್ಯುವ ಯೋಜನೆ ಚರ್ಚೆಗೆ ಬಂದಿತ್ತು. ಆಗ ಹಿಂದಿನ ಬೆಂಚಿನಿಂದ ಒಬ್ಬರು ಎದ್ದು, "ಟೆಂಪೊ ನಾ ಹೊಡೀತೀನಿ" ಎಂದರು. ಆರು ವರ್ಷಗಳಿಂದ ಶಾಲೆಯ ವ್ಯಾನು ನಡೆಸುತ್ತಿರುವವರು. ಇಲ್ಲಿ ಕುಳಿತ ಅನೇಕರ ಮಕ್ಕಳು ದಿನವೂ ಅವರ ವ್ಯಾನಿನಲ್ಲಿಯೇ ಹೋಗುತ್ತಾರೆ. ಸಭೆ ನಕ್ಕಿತು. ನಾವೂ ನಕ್ಕೆವು. ನಡಾವಳಿ ಬರೆಯುವವರು ನಾವೇ. "ಸೂಕ್ತ ಚಾಲಕರು ದೊರೆಯದ ಕಾರಣ ಯೋಜನೆಯನ್ನು ಮುಂದೂಡಲಾಯಿತು" ಎಂದು ನಮ್ಮ ಕೈಯಿಂದಲೇ ಬರೆದೆವು. ಪುಸ್ತಕದ ಹನ್ನೊಂದು ಕಟ್ಟುಗಳು ಇಂದಿಗೂ ಆ ಮೂಲೆಯಲ್ಲಿವೆ. ಧೂಳು ಒರೆಸುವವರೂ ನಾವೇ, ಆದ್ದರಿಂದ ಎಣಿಕೆ ತಪ್ಪಿಲ್ಲ.

ಗುಮಾಸ್ತನಿಗೆ ಲೆಕ್ಕದ ಪುಸ್ತಕದಲ್ಲಿ ಬರೆದದ್ದನ್ನು ಅಳಿಸುವ ಅಧಿಕಾರವಿಲ್ಲ. ಆದರೆ ತಪ್ಪು ಕಂಡರೆ ಕೆಳಗೆ ಗೆರೆ ಎಳೆದು, ತಿದ್ದುಪಡಿ ಬರೆದು, ಸಹಿ ಮಾಡಬಹುದು. ಅದಕ್ಕೆ ಅಪ್ಪಣೆ ಕೇಳುವುದಕ್ಕಾಗಿ ಇಂದು ನಿಂತಿದ್ದೇವೆ. ಚಾಲಕರು ದೊರೆತಿದ್ದರು, ನಾವು ಬರೆಯಲಿಲ್ಲ. ಯೋಜನೆಯನ್ನು ಮತ್ತೆ ಎತ್ತಿಕೊಳ್ಳುವುದು ಬಿಡುವುದು ಸಭೆಗೆ ಸೇರಿದ್ದು. ಮನೆಯವರು ಈಗಲೂ ಒಪ್ಪುತ್ತಾರೆಯೇ ಎಂದು ನಮ್ಮನ್ನು ಕೇಳಬೇಡಿ. ಅವರು ಅಲ್ಲಿಯೇ, ಹಿಂದಿನ ಬೆಂಚಿನಲ್ಲಿಯೇ ಕುಳಿತಿದ್ದಾರೆ. ಅವರನ್ನೇ ಕೇಳಿ.

ಒಪ್ಪಿದರೆ, ಹಿಂದೆ ನಿಂತು "ಬರ್ಲಿ, ಬರ್ಲಿ" ಎನ್ನುವ ಕೆಲಸಕ್ಕೆ ಪಳಗಿದ ಆಳು ಒಬ್ಬನಿದ್ದಾನೆ. ಸಂಬಳ ಬೇಡ.